ಬದುವಿನಲ್ಲಿ ಸಿಕ್ಕ ಹರಳು: ವಜ್ರವೋ, ಬೆಣಚೋ, ಗಾಜೋ?

ಪ್ರಶ್ನೆ: ನಮ್ಮದು ಶಹಾಪುರ ತಾಲ್ಲೂಕು, ಕೃಷ್ಣಾ ದಂಡಿ ಮ್ಯಾಲಿನ ಊರು. ಹೋದ ತಿಂಗಳ ದೊಡ್ಡ ಮಳಿ ಆದ ಮ್ಯಾಲ ತೊಗರಿ ಹೊಲದ ಬದುವಿನ್ಯಾಗ ಹುಣಸಿ ಬೀಜದಷ್ಟು ಒಂದು ಹೊಳಿಯೋ ಹರಳು ಸಿಕ್ಕದ. ಪತ್ತಾರರ ಕಡಿ ತೂಗಿಸೀನಿ, 2.12 ಗ್ರಾಂ. ಕಿಟಕಿ ಗಾಜಿನ ಮ್ಯಾಲ ಎಳದ್ರ ಗೀರು ಬೀಳ್ತದ, ನೀರಾಗ ಹಾಕಿದ್ರ ಮುಳುಗ್ತದ. ಕರ್ನೂಲ್ ಕಡಿಯವರು ಒಬ್ಬರು ನೋಡಿ, ‘ಕಚ್ಚಾ ವಜ್ರ ಅದ, ಐವತ್ತು ಸಾವಿರ ಕೊಡ್ತೀನಿ, ಯಾರಿಗೂ ತೋರಿಸಬ್ಯಾಡ್ರಿ’ ಅಂದಾರ. ನಮ್ಮ ಭಾವ ಸುತ್ತಿಗಿಲೆ ಹೊಡದ ನೋಡೂಣು, ಒಡೀಲಿಲ್ಲಂದ್ರ ವಜ್ರ ಅಂತಾರ. ಮೂರು ಫೋಟೊ ಕಳಿಸೀನಿ. ಏನ್ ಮಾಡ್ಲಿ?

ಉತ್ತರ: ಮೊದಲು ಭಾವನವರ ಕೈಯಿಂದ ಸುತ್ತಿಗೆ ಇಸಿದುಕೊಳ್ಳಿ. ಆಮೇಲೆ ಮಾತಾಡೋಣ.

ವಜ್ರ ಸುತ್ತಿಗೆಗೆ ಒಡೆಯುವುದಿಲ್ಲ ಅನ್ನೋದು ಬಹಳ ಹಳೆಯ ನಂಬಿಕೆ. ಈ ನಂಬಿಕೆಯಿಂದ ಎಷ್ಟು ಒಳ್ಳೆಯ ಹರಳು ಪುಡಿಯಾಗಿವೆಯೋ ದೇವರಿಗೇ ಗೊತ್ತು. ಗಡಸುತನ ಬೇರೆ, ಪೆಟ್ಟು ತಾಳುವ ಶಕ್ತಿ ಬೇರೆ. ವಜ್ರವನ್ನು ಇನ್ನೊಂದು ವಜ್ರವಲ್ಲದೆ ಮತ್ತ್ಯಾವ ಕಲ್ಲೂ ಗೀರಲಾರದು, ಅಷ್ಟು ಗಡಸು. ಆದರೆ ಅದಕ್ಕೆ ಹುಟ್ಟಿನಿಂದಲೇ ಸೀಳುದಾರಿಗಳಿವೆ. ತೊಗರಿ ಕಾಳು ಬೀಸುಕಲ್ಲಿಗೆ ಬಿದ್ದಾಗ ಎಲ್ಲೆಂದರಲ್ಲಿ ಒಡೆಯುವುದಿಲ್ಲ, ತನ್ನ ನಡುವಿನ ಒಂದೇ ಗೆರೆಯಲ್ಲಿ ಬಿಚ್ಚಿ ಎರಡು ಬೇಳೆಯಾಗುತ್ತದಲ್ಲ, ಹಾಗೆ. ವಜ್ರಕ್ಕೆ ಅಂಥ ದಾರಿ ನಾಲ್ಕು ದಿಕ್ಕಿಗಿವೆ. ಪೆಟ್ಟು ಅಲ್ಲಿ ಬಿದ್ದರೆ ವಜ್ರವೂ ಸೀಳುತ್ತದೆ. ಹಿಂದೆ ವಜ್ರ ಕೊಯ್ಯುವವರು ದೊಡ್ಡ ಹರಳನ್ನು ಹೋಳು ಮಾಡುತ್ತಿದ್ದದ್ದೇ ಹೀಗೆ. ಬೆಣಚಿಗೆ ಹೊಡೆದರೂ ಒಡೆಯುತ್ತದೆ, ಗಾಜಿಗೆ ಹೊಡೆದರೂ ಒಡೆಯುತ್ತದೆ. ಮೂರೂ ಒಡೆಯುವ ಪರೀಕ್ಷೆಯಿಂದ ತಿಳಿಯುವುದೇನು?

ನೀವು ಮಾಡಿದ ಎರಡು ಪರೀಕ್ಷೆಗಳದ್ದೂ ಹೆಚ್ಚುಕಮ್ಮಿ ಅದೇ ಕಥೆ. ನೀರಿನಲ್ಲಿ ಬಹುತೇಕ ಎಲ್ಲ ಕಲ್ಲೂ ಮುಳುಗುತ್ತವೆ. ಗಾಜಿನ ಮೇಲೆ ಗೀರು ಬಿತ್ತೆಂದು ಕುಣಿದವರನ್ನು ನಾನು ಬಹಳ ನೋಡಿದ್ದೇನೆ. ಗಡಸುತನದ ಅಳತೆ ಒಂದರಿಂದ ಹತ್ತರವರೆಗೆ. ಕಿಟಕಿ ಗಾಜು ಸುಮಾರು 5.5, ಬೆಣಚು 7, ವಜ್ರ 10. ಅಂದರೆ ರಸ್ತೆಗೆ ಹಾಕುವ ಬಿಳಿ ಬೆಣಚುಕಲ್ಲಿನ ಚೂರೂ ನಿಮ್ಮ ಕಿಟಕಿಯನ್ನು ಗೀರುತ್ತದೆ. ಬೇಕಾದರೆ ಈಗಲೇ ಹೊಲದಿಂದ ಒಂದು ತಂದು ಎಳೆದು ನೋಡಿ. ಆ ಗೀರಿನಿಂದ ಒಂದು ಮಾತ್ರ ತಿಳಿಯಿತು: ನಿಮ್ಮ ಕೈಯಲ್ಲಿರುವುದು ಬಹುಶಃ ಗಾಜಲ್ಲ. ವಜ್ರ ಅಂತ ಅದು ಹೇಳಲಿಲ್ಲ.

ಈಗ ಫೋಟೊಗಳಿಗೆ ಬರೋಣ. ಮೊದಲೆರಡರಲ್ಲಿ ಹೊಳಪು ಬಿಟ್ಟರೆ ಏನೂ ಕಾಣುವುದಿಲ್ಲ, ಬಿಸಿಲಿಗೆ ಹಿಡಿದು ತೆಗೆದಿದ್ದೀರಿ. ಮೂರನೆಯದನ್ನು ನೆರಳಿನಲ್ಲಿ ತೆಗೆದದ್ದು ಒಳ್ಳೆಯದಾಯಿತು. ಅದರಲ್ಲಿ ಹರಳಿನ ಒಂದು ತುದಿ ಒಡೆದಿದೆ, ಇನ್ನೊಂದು ತುದಿ ಚೂಪು. ಮೈಗೆ ಚಪ್ಪಟೆ ಮುಖಗಳಿವೆ, ಪೆನ್ಸಿಲ್ ಕೆತ್ತುವ ಮೊದಲು ಅದರ ಮೈ ಇರುತ್ತದಲ್ಲ, ಆ ಥರ. ದೊಡ್ಡದು ಮಾಡಿ ನೋಡಿದರೆ ಆ ಮುಖಗಳ ಮೇಲೆ ಅಡ್ಡಡ್ಡ ಸಣ್ಣ ಗೆರೆಗಳು ಕಾಣುತ್ತವೆ, ನೋಟುಬುಕ್ಕಿನ ಗೆರೆಗಳ ಹಾಗೆ ಒಂದರ ಕೆಳಗೊಂದು. ಆರು ಮುಖದ ಕಂಬ, ಅದರ ಮೇಲೆ ಗೋಪುರದಂಥ ತುದಿ, ಕಂಬಕ್ಕೆ ಅಡ್ಡ ಗೆರೆ. ಇದು ಬೆಣಚಿನ ಹರಳಿನ ಕೈಬರಹ. ನಾವು ಜಪಮಾಲೆಗೆ ಪೋಣಿಸುವ ಸ್ಫಟಿಕವೂ ಇದೇ ಬೆಣಚು, ತಿಳಿಯಾದ ಬೆಣಚು.

ಕಚ್ಚಾ ವಜ್ರದ ಆಕಾರ ಇದಲ್ಲ. ಅದು ಕಂಬವಾಗಿ ಬೆಳೆಯುವುದಿಲ್ಲ. ಎರಡು ಪಿರಮಿಡ್‌ಗಳನ್ನು ಬುಡಕ್ಕೆ ಬುಡ ಹಚ್ಚಿಟ್ಟ ಎಂಟು ಮುಖದ ಹರಳು ಅದರ ಮೂಲ ರೂಪ. ಬಹಳ ಸಲ ಅಂಚುಗಳು ಕರಗಿ, ಮುಖಗಳು ಉಬ್ಬಿ, ಚೀಪಿ ಉಗುಳಿದ ಕಲ್ಲುಸಕ್ಕರೆಯ ಹಾಗೆ ದುಂಡಗಾಗಿರುತ್ತದೆ. ಒಳ್ಳೆಯ ಭೂತಗನ್ನಡಿಯಲ್ಲಿ ನೋಡಿದರೆ ಆ ತ್ರಿಕೋನ ಮುಖಗಳ ಮೇಲೆ ಪುಟ್ಟ ಪುಟ್ಟ ತ್ರಿಕೋನದ ತಗ್ಗುಗಳು ಕಾಣುತ್ತವೆ, ಅವೂ ಮುಖದ ತ್ರಿಕೋನಕ್ಕೆ ತಲೆಕೆಳಗಾಗಿ. ಗಾಜನ್ನು ಅಚ್ಚಿಗೆ ಹೊಯ್ದು ಎಂಟು ಮುಖ ಮಾಡಿ ಮಾರುವವರಿದ್ದಾರೆ, ಆದರೆ ಈ ತಲೆಕೆಳಗಾದ ತ್ರಿಕೋನ ಮಾಡಿದವರನ್ನು ನಾನಿನ್ನೂ ಕಂಡಿಲ್ಲ. ಹೊಳಪಿನಲ್ಲೂ ವ್ಯತ್ಯಾಸವಿದೆ. ಒಡೆದ ಬೆಣಚು ಗಾಜಿನ ಹಾಗೆ ಮಿಂಚುತ್ತದೆ. ಕೆತ್ತದ ವಜ್ರ ಮಿಂಚುವುದೇ ಕಡಿಮೆ. ಎಣ್ಣೆ ಕೈಯಲ್ಲಿ ಮುಟ್ಟಿಟ್ಟ ಹಾಗೆ ಜಿಡ್ಡು ಹೊಳಪು, ಕೆಲವಕ್ಕೆ ಮಂಜು ಮುಸುಕಿದ ಸಿಪ್ಪೆ. ‘ಫಳಫಳ ಹೊಳೀತದ ಸರ್’ ಅಂತ ಯಾರಾದರೂ ತಂದರೆ ನನಗೆ ಅಲ್ಲೇ ಅರ್ಧ ಅನುಮಾನ. ಅಂಗಡಿಯಲ್ಲಿ ನೋಡುವ ಆ ಮಿಂಚು ಸಾಣೆ ಹಿಡಿದವನ ಕೈಯಿಂದ ಬಂದದ್ದು.

ಫೋಟೊ ನೋಡಿ ತೀರ್ಪು ಕೊಡುವುದು ನನಗೆ ಹಿಡಿಸದು. ಕಲ್ಲಿಗೆ ನೋವಾಗದ ಎರಡು ಪರೀಕ್ಷೆಗಳನ್ನು ನೀವೇ ಮಾಡಿ.

ಒಂದು, ಕುಸುಬಿ ಎಣ್ಣೆ. ನಗಬೇಡಿ. ಹರಳನ್ನು ಸೋಪು ಹಚ್ಚಿ ತೊಳೆದು ಒರೆಸಿ. ಹೊಲದಿಂದ ತಂದ ತಿಳಿ ಬೆಣಚಿನ ಚೂರು ಒಂದು, ಒಡೆದ ಬಾಟಲಿಯ ಬಿಳಿ ಗಾಜಿನ ಚೂರು ಒಂದು ಜೊತೆಗಿರಲಿ. ಮೂರನ್ನೂ ಗಾಜಿನ ಲೋಟದೊಳಗೆ ಬಿಟ್ಟು ಮುಳುಗುವಷ್ಟು ಎಣ್ಣೆ ಹಾಕಿ, ಲೋಟದ ಹಿಂದೆ ಒಂದು ಬಿಳಿ ಹಾಳೆ ಹಿಡಿದು ನೋಡಿ. ಬೆಳಕು ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹೋಗುವಾಗ ಎಷ್ಟು ಬಾಗುತ್ತದೋ ಅಷ್ಟು ಅದರ ಅಂಚು ಎದ್ದು ಕಾಣುತ್ತದೆ. ಆ ಬಾಗುವಿಕೆಯ ಅಂಕಿ ಕುಸುಬಿ ಎಣ್ಣೆಗೆ ಸುಮಾರು 1.47, ಮಾಮೂಲಿ ಗಾಜಿಗೆ 1.52, ಬೆಣಚಿಗೆ 1.54 – 1.55. ಮೂರೂ ಹತ್ತಿರ ಹತ್ತಿರ. ಹಾಗಾಗಿ ಗಾಜು, ಬೆಣಚು ಎರಡರ ಅಂಚೂ ಎಣ್ಣೆಯಲ್ಲಿ ಮಸುಕಾಗಿ, ಅರ್ಧ ಕರಗಿದ ಮಂಜುಗಡ್ಡೆಯಂತೆ ಕಾಣುತ್ತವೆ. ವಜ್ರದ ಅಂಕಿ 2.42. ಅದು ಎಣ್ಣೆಯಲ್ಲೂ ಶಾಯಿಯಿಂದ ಗೆರೆ ಎಳೆದಂತೆ ದಪ್ಪ ಕಪ್ಪು ಅಂಚು ತೋರಿಸಿಕೊಂಡು ಕೂತಿರುತ್ತದೆ. ಪಕ್ಕದ ಚೂರುಗಳಿಗೆ ಹೋಲಿಸಿ ನೋಡುವುದೇ ಇಲ್ಲಿಯ ಗುಟ್ಟು. ಒಂಟಿ ಕಲ್ಲು ನೋಡಿದರೆ ಮನಸ್ಸು ತನಗೆ ಬೇಕಾದ್ದನ್ನೇ ಕಾಣುತ್ತದೆ. ಔಷಧ ಅಂಗಡಿಯ ಲವಂಗದ ಎಣ್ಣೆ ಸಿಕ್ಕರೆ ಇನ್ನೂ ಚೆಂದ, ಅದರ ಅಂಕಿ 1.53ರ ಸುತ್ತ ಇರುವುದರಿಂದ ಬೆಣಚು ಬಹುತೇಕ ಮಾಯವಾಗುತ್ತದೆ.

ಎರಡನೆಯದು ತೂಕ. ನನ್ನ ಮಟ್ಟಿಗೆ ಮನೆಯಲ್ಲಿ ಮಾಡುವ ಪರೀಕ್ಷೆಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಪತ್ತಾರರ ಅಂಗಡಿಗೆ ಇನ್ನೊಮ್ಮೆ ಹೋಗಿ. ಅವರ ಡಿಜಿಟಲ್ ತಕ್ಕಡಿಯ ಮೇಲೆ ಹಗುರವಾದ ಪ್ಲಾಸ್ಟಿಕ್ ಕಪ್ಪಿನಲ್ಲಿ ಅರ್ಧ ನೀರಿಟ್ಟು ಸೊನ್ನೆ ಮಾಡಿಸಿ. ಹರಳನ್ನು ತೆಳು ದಾರದಲ್ಲಿ ಕಟ್ಟಿ, ಮೇಲಿಂದ ಕೈಯಲ್ಲಿ ಹಿಡಿದು, ನೀರಿನೊಳಗೆ ಪೂರ್ತಿ ಇಳಿಸಿ. ತಳಕ್ಕೂ ತಾಗಬಾರದು, ಗೋಡೆಗೂ ತಾಗಬಾರದು. ಮೈಗೆ ಗುಳ್ಳೆ ಅಂಟಿದ್ದರೆ ಕಡ್ಡಿಯಿಂದ ಸವರಿ ಬಿಡಿಸಿ. ಈಗ ತಕ್ಕಡಿ ತೋರಿಸುವ ಅಂಕಿ ಕಲ್ಲಿನ ತೂಕವಲ್ಲ, ಅದು ಪಕ್ಕಕ್ಕೆ ಸರಿಸಿದ ನೀರಿನ ತೂಕ. ನಿಮ್ಮ 2.12 ಅನ್ನು ಆ ಅಂಕಿಯಿಂದ ಭಾಗಿಸಿ. ಬರುವುದು ಸಾಂದ್ರತೆ, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಕಲ್ಲು ಎಷ್ಟು ಪಟ್ಟು ಭಾರ ಎಂಬ ಲೆಕ್ಕ. ತಕ್ಕಡಿ 0.80 ತೋರಿಸಿದರೆ ಉತ್ತರ 2.65, ಅದು ಬೆಣಚು. 0.85ರ ಹತ್ತಿರ ಬಂದರೆ ಉತ್ತರ 2.5, ಮಾಮೂಲಿ ಗಾಜು. 0.60 ತೋರಿಸಿದರೆ 3.53 ಆಯಿತು, ವಜ್ರದ್ದು 3.52. ಆಗ ನನಗೆ ಫೋನ್ ಮಾಡಿ, ರಾತ್ರಿಯಾದರೂ ಸರಿ.

ಪಕ್ಕದಲ್ಲೇ ಒಂದು ಎಚ್ಚರಿಕೆ. ನಿಮ್ಮ ಹರಳು ದೊಡ್ಡದು, ಅದಕ್ಕೇ ಈ ಲೆಕ್ಕ ಹಿಡಿಸುತ್ತದೆ. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ. ಅಷ್ಟು ಚಿಕ್ಕ ಹರಳಾದರೆ ತಕ್ಕಡಿ 0.05 ತೋರಿಸಿದರೆ 4.0 ಬರುತ್ತದೆ, 0.06 ತೋರಿಸಿದರೆ 3.3 ಬರುತ್ತದೆ. ಎರಡು ದಶಾಂಶದ ತಕ್ಕಡಿಯನ್ನು ಅಲ್ಲಿ ನಂಬಬಾರದು.

ನಾನೇ ಒಮ್ಮೆ ಈ ತೂಕದಲ್ಲಿ ಮೋಸ ಹೋಗಿದ್ದೇನೆ. ಕೆಲಸ ಕಲಿತ ಹೊಸದು. ಒಬ್ಬ ಹಿರಿಯರು ನೀರಿನಷ್ಟು ತಿಳಿಯಾದ ಕಲ್ಲು ತಂದರು. ಲೆಕ್ಕ ಹಾಕಿದರೆ 3.5 ಚಿಲ್ಲರೆ. ಎದೆ ಹೊಡೆದುಕೊಂಡಿತು. ಬಾಯಿ ಸುಮ್ಮನಿರಲಿಲ್ಲ, ‘ವಜ್ರ ಇರಬಹುದು ಕಾಕಾ’ ಅಂದುಬಿಟ್ಟೆ. ಅವರು ಮೂರು ದಿನ ಆ ಕಲ್ಲನ್ನು ಸೊಂಟಕ್ಕೆ ಕಟ್ಟಿಕೊಂಡು ಮಲಗಿದರಂತೆ, ನಿದ್ದೆ ಬರದೆ. ನಾಲ್ಕನೆಯ ದಿನ ಗುರುಗಳು ನೋಡಿ ಬಿಳಿ ಪುಷ್ಯರಾಗ ಅಂದರು, ಟೋಪಾಜ್. ಅದರ ಸಾಂದ್ರತೆ 3.5ರಿಂದ 3.6, ವಜ್ರದ ನೆರಳಿನಲ್ಲೇ ನಿಂತಿರುತ್ತದೆ. ಆದರೆ ಅದು ಒಂದೇ ದಿಕ್ಕಿಗೆ ನುಣುಪಾಗಿ ಸೀಳುತ್ತದೆ, ಗಡಸುತನ 8ಕ್ಕೆ ನಿಲ್ಲುತ್ತದೆ. ಅಂದಿನಿಂದ ಒಂದೇ ಪರೀಕ್ಷೆ ನೋಡಿ ಬಾಯಿ ಬಿಡುವುದನ್ನು ಬಿಟ್ಟೆ. ಆ ಕಾಕಾ ಆಮೇಲೆ ನನ್ನ ಅಂಗಡಿ ಮುಂದೆ ಹಾದುಹೋದರೂ ಒಳಗೆ ಬರುತ್ತಿರಲಿಲ್ಲ.

ಗಾಜನ್ನು ಪತ್ತೆ ಹಚ್ಚುವುದು ಇವೆಲ್ಲಕ್ಕಿಂತ ಸುಲಭ. ಸ್ಟೀಲ್ ಚಾಕುವಿನ ತುದಿಯಿಂದ ಕಾಣದ ಮೂಲೆಯೊಂದರಲ್ಲಿ ಒತ್ತಿ ಎಳೆಯಿರಿ. ಗಾಜಾದರೆ ಸಾಮಾನ್ಯವಾಗಿ ಗೀರು ಬೀಳುತ್ತದೆ, ಬೆಣಚಾದರೆ ಚಾಕುವಿನ ಲೋಹವೇ ಸವೆದು ಬೂದು ಗೆರೆ ಉಳಿಯುತ್ತದೆ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ಗಾಜಿನೊಳಗೆ ದುಂಡನೆ ಗಾಳಿಗುಳ್ಳೆ, ಪಾಕ ಕಲಕಿದಂಥ ಸುಳಿ ಕಾಣುತ್ತವೆ. ಕೆನ್ನೆಗೆ ಒತ್ತಿದರೆ ಗಾಜು ಬೇಗ ಬೆಚ್ಚಗಾಗುತ್ತದೆ, ಸ್ಫಟಿಕ ಬಹಳ ಹೊತ್ತು ತಣ್ಣಗಿರುತ್ತದೆ. ಜಪಮಾಲೆ ಕೊಳ್ಳುವ ಹೆಣ್ಣುಮಕ್ಕಳಿಗೆ ಇದು ಗೊತ್ತು. ಮೊಮ್ಮಕ್ಕಳ ಲ್ಯಾಪ್‌ಟಾಪ್ ಇದ್ದರೆ ಇನ್ನೊಂದು ಮೋಜಿನ ಪರೀಕ್ಷೆ ಇದೆ. ಪರದೆಯನ್ನು ಪೂರ್ತಿ ಬಿಳಿ ಮಾಡಿ, ಪೋಲರಾಯ್ಡ್ ಕೂಲಿಂಗ್ ಗ್ಲಾಸನ್ನು ಅದರ ಮುಂದೆ ತಿರುಗಿಸುತ್ತ ಹೋಗಿ. ಒಂದು ಕಡೆ ಪರದೆ ಕಪ್ಪಾಗುತ್ತದೆ. ಅಲ್ಲಿ ನಿಲ್ಲಿಸಿ, ಪರದೆಗೂ ಗ್ಲಾಸಿಗೂ ನಡುವೆ ಹರಳನ್ನು ಅಡ್ಡಲಾಗಿ ಹಿಡಿದು ಮೆಲ್ಲಗೆ ತಿರುಗಿಸಿ. ಬೆಣಚಾದರೆ ಒಂದು ಸುತ್ತು ತಿರುಗುವಷ್ಟರಲ್ಲಿ ನಾಲ್ಕು ಸಲ ಬೆಳಗಿ ನಾಲ್ಕು ಸಲ ಆರುತ್ತದೆ. ಗಾಜೂ ವಜ್ರವೂ ಹೀಗೆ ಲೆಕ್ಕ ಹಿಡಿದು ಬೆಳಗುವುದಿಲ್ಲ. ಚೂಪು ತುದಿಯನ್ನು ಕಣ್ಣಿಗೆ ನೇರ ಹಿಡಿದು ನೋಡಬೇಡಿ, ಆ ದಿಕ್ಕಿನಲ್ಲಿ ಬೆಣಚೂ ಸುಳ್ಳು ಹೇಳುತ್ತದೆ.

ಇಷ್ಟು ಕಲ್ಲಿನ ಮಾತು. ಕಲ್ಲು ಸಿಕ್ಕ ನೆಲದ ಮಾತೂ ಆಗಬೇಕು, ನನ್ನ ಅನುಮಾನಕ್ಕೆ ಅರ್ಧ ಕಾರಣ ಅದೇ.

ವಜ್ರ ಭೂಮಿಯ ಬಹಳ ಆಳದಲ್ಲಿ, ನೂರೈವತ್ತು ಕಿಲೋಮೀಟರಿಗೂ ಕೆಳಗೆ ಹುಟ್ಟಿ, ಕಿಂಬರ್ಲೈಟ್ ಎಂಬ ಅಪರೂಪದ ಅಗ್ನಿಶಿಲೆಯ ಜೊತೆ ಮೇಲೆ ಬರುತ್ತದೆ. ಆ ಕಲ್ಲು ಸವೆದ ಮೇಲೆ ಮಳೆಗೆ, ಹೊಳೆಗೆ ಸಿಕ್ಕಿ ಮಣ್ಣಿನಲ್ಲಿ ಸೇರುತ್ತದೆ. ಆಂಧ್ರದ ವಜ್ರಕರೂರು ಅಂಥ ಜಾಗ. ಮುಂಗಾರು ಬಿದ್ದ ಮೇಲೆ ತುಗ್ಗಲಿ, ಜೊನ್ನಗಿರಿ, ಮದ್ದಿಕೆರೆ ಸುತ್ತಲಿನ ಹೊಲಗಳಲ್ಲಿ ಜನ ತಲೆ ಬಗ್ಗಿಸಿ ಹುಡುಕುವ ವಿಡಿಯೊ ನಿಮ್ಮ ಫೋನಿಗೂ ಬಂದಿರಬೇಕು. ಅಲ್ಲಿ ಸಿಗುವುದು ಸುಳ್ಳಲ್ಲ. ಆದರೆ ನಮ್ಮ ಬೀದರ್, ಕಲಬುರಗಿಯ ಬಹುಭಾಗ ಲಾವಾ ಹರಿದು ಹೆಪ್ಪುಗಟ್ಟಿದ ಕಪ್ಪು ಬಸಾಲ್ಟ್ ಕಲ್ಲು. ಬೀದರಿನಲ್ಲಿ ಅದರ ಮೇಲೆ ಜಂಬಿಟ್ಟಿಗೆ. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ಸುಣ್ಣದಕಲ್ಲು, ನಮ್ಮೆಲ್ಲರ ಮನೆಯ ನೆಲಕ್ಕೆ ಹಾಸಿರುವ ಪರಸಿ. ಇವೆರಡೂ ವಜ್ರ ಹಡೆಯುವ ಕಲ್ಲಲ್ಲ. ಶಹಾಪುರ, ಸುರಪುರದತ್ತ ಬಂದರೆ ಗ್ರಾನೈಟು, ಮಲಗಿದ ಬುದ್ಧನ ಗುಡ್ಡದ ಕಲ್ಲು. ಇಂಥ ಗ್ರಾನೈಟ್ ನೆಲದಲ್ಲಿ ಬೆಣಚಿನ ಬಿಳಿ ಪಟ್ಟೆಗಳು ಹಾಯ್ದಿರುತ್ತವೆ. ಆ ಪಟ್ಟೆಯ ಪೊಟರೆಗಳಲ್ಲಿ ಜಾಗ ಸಿಕ್ಕರೆ ಬೆಣಚು ಆರು ಮುಖದ ಹರಳಾಗಿ ಬೆಳೆಯುತ್ತದೆ. ನಿಮ್ಮ ಬದುವಿಗೆ ಬಂದದ್ದು ಅಂಥದ್ದೊಂದು ಇರಬೇಕು.

ಯಾದಗಿರಿಗೆ ಹೊಂದಿಕೊಂಡ ನಾರಾಯಣಪೇಟೆ ಭಾಗದಲ್ಲಿ ಕಿಂಬರ್ಲೈಟ್ ಇರುವುದನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕಿಂಬರ್ಲೈಟ್ ಇದ್ದಲ್ಲೆಲ್ಲ ವಜ್ರ ಇರುವುದಿಲ್ಲ. ವಜ್ರಕರೂರು ಕೊಟ್ಟ ಹಾಗೆ ಆ ಭಾಗ ಕೊಟ್ಟಿಲ್ಲ. ‘ಕೃಷ್ಣೆ ವಜ್ರದ ನದಿ, ಕೊಹಿನೂರ್ ಸಿಕ್ಕದ್ದೇ ಕೊಲ್ಲೂರಿನಲ್ಲಿ’ ಎನ್ನುವವರೂ ನಿಮ್ಮ ಕಡೆ ಇದ್ದಾರೆ, ಪಕ್ಕದಲ್ಲೇ ಕೊಳ್ಳೂರು ಇರುವುದರಿಂದ. ಹದಿನೇಳನೆಯ ಶತಮಾನದಲ್ಲಿ ಫ್ರೆಂಚ್ ವ್ಯಾಪಾರಿ ತಾವರ್ನಿಯೆ ನೋಡಿ ಬರೆದ ಕೊಲ್ಲೂರು ಗಣಿ ಇದ್ದದ್ದು ಆಂಧ್ರದ ಗುಂಟೂರು–ಪಲ್ನಾಡು ಕಡೆ. ಕೃಷ್ಣೆ ನಮ್ಮಲ್ಲಿಂದ ಅಲ್ಲಿಗೆ ಹರಿಯುತ್ತಾಳೆ, ಅಲ್ಲಿಂದ ಇಲ್ಲಿಗಲ್ಲ. ಕೆಳಗಿನ ಊರಿನ ವಜ್ರ ಹೊಳೆ ಹತ್ತಿ ಮೇಲಕ್ಕೆ ಬರುವುದುಂಟೆ?

ನಮ್ಮ ಹೊಲಗಳಲ್ಲಿ ಬೇರೆ ಹೊಳೆಯುವ ವಸ್ತುಗಳಿಗೆ ಬರವಿಲ್ಲ. ಎರೆ ಮಣ್ಣಿನಲ್ಲಿ ಸಿಗುವ ಜಿಪ್ಸಂ ಹಾಳೆ ಉಗುರಿಗೇ ಗೀರುತ್ತದೆ. ಬಸಾಲ್ಟಿನ ಪೊಟರೆಯಲ್ಲಿ ಬೆಳೆಯುವ ಕ್ಯಾಲ್ಸೈಟ್ ಮೇಲೆ ಪಾಯಖಾನೆ ತೊಳೆಯುವ ಆ್ಯಸಿಡ್ ಒಂದು ಹನಿ ಬಿಟ್ಟರೆ ಬುಸ್ಸೆಂದು ನೊರೆ ಬರುತ್ತದೆ. ಸಂತೆಯಲ್ಲಿ ಒಬ್ಬ ಪಟಿಕದ ಹರಳನ್ನೇ ಕಚ್ಚಾ ವಜ್ರ ಅಂತ ತೋರಿಸುತ್ತಿದ್ದ. ಪಟಿಕ ಬೆಳೆಯುವುದೂ ಎಂಟು ಮುಖವಾಗಿಯೇ, ಹಾಗಾಗಿ ನೋಡಲು ಪಕ್ಕಾ. ನಾಲಿಗೆಗೆ ತಾಗಿಸಿದರೆ ಒಗರು. ಅವನು ಮುಟ್ಟಲು ಬಿಡುತ್ತಿರಲಿಲ್ಲ, ಅದಕ್ಕೇ ಗೊತ್ತಾಯಿತು. ಇನ್ನು ಹೊಳೆದಂಡೆಯಲ್ಲಿ ಅಂಚು ಹರಿತವಾಗಿ ಚಕ್ಕೆ ತೆಗೆದಂಥ ಕಲ್ಲು ಸಿಕ್ಕರೆ ಬಿಸಾಡಬೇಡಿ. ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಅವರು ಅಗೆದು ತೆಗೆದ ಆದಿಮಾನವರ ಕಲ್ಲಿನ ಆಯುಧಗಳು ಹತ್ತು ಲಕ್ಷ ವರ್ಷಕ್ಕೂ ಹಳೆಯವು ಎಂಬ ಲೆಕ್ಕ ಸಿಕ್ಕಿದೆ. ನನ್ನನ್ನು ಕೇಳಿದರೆ ಅಂಥದ್ದೊಂದು ಸಿಕ್ಕಿದರೆ ವಜ್ರಕ್ಕಿಂತ ಹೆಚ್ಚು ಖುಷಿ. ಪತ್ತಾರರು ಮಾತ್ರ ಒಪ್ಪುವುದಿಲ್ಲ.

ಸರಾಫ್ ಬಜಾರಿನಲ್ಲಿ ಪೆನ್ನಿನಂಥ ಯಂತ್ರ ಹಚ್ಚಿ ‘ಬೀಪ್’ ಅನ್ನಿಸಿ ತೋರಿಸುತ್ತಾರೆ. ಅದು ಕಲ್ಲು ಶಾಖವನ್ನು ಎಷ್ಟು ಬೇಗ ಎಳೆದುಕೊಳ್ಳುತ್ತದೆ ಎಂದು ಅಳೆಯುವ ಯಂತ್ರ. ಸಾಣೆ ಹಿಡಿದ ಹರಳಿಗೆ ಒಳ್ಳೆಯದು. ಒರಟು ಮೈಯ ಕಚ್ಚಾ ಕಲ್ಲಿನ ಮೇಲೆ ತುದಿ ಸರಿಯಾಗಿ ಕೂರುವುದಿಲ್ಲ, ಮೇಲಾಗಿ ಮಾಯ್ಸನೈಟ್ ಎಂಬ ಕೃತಕ ಹರಳಿಗೂ ಅದು ವಜ್ರ ಅಂತಲೇ ಕೂಗುತ್ತದೆ. ಕೊನೆಯ ಮಾತು ಪ್ರಯೋಗಾಲಯದ್ದು. ಅಲ್ಲಿ ಲೇಸರ್ ಬೆಳಕು ಬಿಟ್ಟು ರಾಮನ್ ರೋಹಿತ, ಅಂದರೆ ಕಲ್ಲಿನಿಂದ ಚದುರಿ ಬರುವ ಬೆಳಕಿನ ನಕ್ಷೆ, ತೆಗೆಯುತ್ತಾರೆ. ಅದರಲ್ಲಿ ವಜ್ರಕ್ಕೆ 1332 ಎಂಬ ಅಂಕಿಯ ಮೇಲೆ ಒಂದು ಚೂಪು ಗೆರೆ, ಬೆಣಚಿಗೆ 464ರ ಮೇಲೆ. ಕಲ್ಲಿಗೆ ಒಂದು ಗೀರೂ ಬೀಳದೆ ನಿಮಿಷದಲ್ಲಿ ಮುಗಿಯುವ ಕೆಲಸ. 1928ರಲ್ಲಿ ಆ ಬೆಳಕಿನ ಗುಟ್ಟು ಕಂಡುಹಿಡಿದ ಸಿ.ವಿ. ರಾಮನ್ ಆಮೇಲೆ ಬೆಂಗಳೂರಿಗೆ ಬಂದು ವರ್ಷಗಟ್ಟಲೆ ವಜ್ರಗಳನ್ನೇ ಅಭ್ಯಾಸ ಮಾಡಿದರು.

ಇನ್ನು ಕರ್ನೂಲಿನವರ ವಿಷಯ. 2.12 ಗ್ರಾಂ ಅಂದರೆ 10.6 ಕ್ಯಾರೆಟ್. ಅಷ್ಟು ದೊಡ್ಡ ವಜ್ರ ಎಂದು ನಿಜವಾಗಿ ನಂಬಿದವರು ಐವತ್ತು ಸಾವಿರಕ್ಕೆ ನಿಲ್ಲುತ್ತಿರಲಿಲ್ಲ. ಬೆಣಚು ಅಂತ ಗೊತ್ತಿದ್ದವರು ಐವತ್ತು ರೂಪಾಯಿಯನ್ನೂ ಹೇಳುತ್ತಿರಲಿಲ್ಲ. ಹಾಗಾದರೆ ಅವರಿಗೆ ಬೇಕಾದದ್ದು ಕಲ್ಲಲ್ಲ. ಮುಂದಿನ ಸಲ ಬಂದಾಗ ‘ಸರ್ಟಿಫಿಕೇಟ್ ಖರ್ಚಿಗೆ ಐದು ಸಾವಿರ ನೀವು ಹಾಕ್ರಿ’ ಅಥವಾ ‘ಇದರ ಜೋಡಿ ಕಲ್ಲು ನನ್ನ ಹತ್ರ ಅದ, ನೀವೇ ತಗೊಳ್ರಿ’ ಅಂದರೆ ಬಾಗಿಲು ಹಾಕಿಕೊಳ್ಳಿ. ‘ಯಾರಿಗೂ ತೋರಿಸಬ್ಯಾಡ್ರಿ’ ಅಂದವರಿಗೆ ತೋರಿಸದೆ ಉಳಿದ ಎಲ್ಲರಿಗೂ ತೋರಿಸಿ.

ತೂಕದ ಲೆಕ್ಕ ಅಕಸ್ಮಾತ್ 3.52ರ ಹತ್ತಿರ ಬಂದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ ತೋರಿಸಿ, ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು ಎಂದು ಬರೆದುಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಮಳೆಗೆ ಮೇಲೆದ್ದ ಕಲ್ಲು ಕೈಗೆ ಸಿಗುವುದು ಬೇರೆ. ವಜ್ರದ ಆಸೆಗೆ ಹೊಲಕ್ಕೆ ಜೆಸಿಬಿ ಇಳಿಸಿದರೆ 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದ ಗಣಿಗಾರಿಕೆಯಾಗುತ್ತದೆ. ತೊಗರಿ ಹೂ ಬಿಡುವ ಹೊತ್ತಿಗೆ ಬದು ಕಿತ್ತು ಕೂತವರ ಕಥೆ ನಿಮಗೂ ಗೊತ್ತಿರಬೇಕು.

ಈ ವಾರ ಪತ್ತಾರರ ಅಂಗಡಿಯಲ್ಲಿ ನೀರಿನ ತೂಕ ತೆಗೆಸಿ ಅಂಕಿ ಬರೆದು ಕಳಿಸಿ. ಜೊತೆಗೆ ನೆರಳಿನಲ್ಲಿ, ಚೂಪು ತುದಿ ಮೇಲೆ ಬರುವ ಹಾಗೆ ಹಿಡಿದು ಇನ್ನೊಂದು ಫೋಟೊ ತೆಗೆಯಿರಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು. 2.65 ಬಂದರೂ ಹರಳನ್ನು ಎಸೆಯಬೇಡಿ. ಮೂರನೆಯ ಫೋಟೊದಲ್ಲಿ ಕಂಡಷ್ಟಕ್ಕೆ ಅದರ ಚೂಪು ತುದಿ ಒಂದು ಚೂರೂ ಮುಕ್ಕಾಗಿಲ್ಲ. ಬದುವಿನಲ್ಲಿ ಬಿದ್ದು ಹೊರಳಿದ ಬೆಣಚು ಅಷ್ಟು ಅಚ್ಚುಕಟ್ಟಾಗಿ ಉಳಿಯುವುದು ಅಪರೂಪ.